ನೆಲದ ಕರಾರಿಗೆ ಊರಿನ ಸಾಕ್ಷ್ಯ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು ೧೯೭೭ರಲ್ಲಿ ಪೂರ್ಣಗೊಂಡಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಹೊತ್ತಿರುವ ಈ ಜಲಾಶಯದಲ್ಲಿ ಸುಮಾರು ೫೧ ಟಿ.ಎಂ.ಸಿ., ಅಂದರೆ ೫,೧೦೦ ಕೋಟಿ ಘನ ಅಡಿಗಳಷ್ಟು ನೀರು ನಿಲ್ಲಬಲ್ಲದು. ಬೇಸಗೆಯಲ್ಲಿ ನೀರು ತಗ್ಗಿದಾಗ, ಹಿನ್ನೀರಿನಲ್ಲಿ ಮುಳುಗಿಹೋದ ಹುನ್ನೂರಿನ ವಿಠ್ಠಲ ದೇವಾಲಯವು ಮೆಲ್ಲಮೆಲ್ಲನೆ ಮೇಲೇಳುತ್ತದೆ. ಅದನ್ನು ನೋಡಲು ದೂರದೂರದಿಂದ ಜನರು ಬರುತ್ತಾರೆ. ನೋಡಿದವರಲ್ಲಿ ಕೆಲವರಿಗಾದರೂ ಒಂದು ಪ್ರಶ್ನೆ ಹುಟ್ಟದಿರದು: ಈ ನೆಲವನ್ನು ನೀರಿಗೆ ಒಪ್ಪಿಸುವ ತೀರ್ಮಾನವಾದಾಗ, ಇಲ್ಲಿದ್ದವರನ್ನು ಯಾರು, ಏನೆಂದು ಕೇಳಿದರು?

ಆಗ ಜಾರಿಯಲ್ಲಿದ್ದುದು ೧೮೯೪ರ ಭೂಸ್ವಾಧೀನ ಕಾಯಿದೆ. ಅದು ಹೊಲದ ಒಡೆಯನಿಗೆ ನೋಟೀಸು ಕೊಡುತ್ತಿತ್ತು, ಅವನ ತಕರಾರನ್ನು ಕೇಳುತ್ತಿತ್ತು, ಪರಿಹಾರದ ಹಣವನ್ನು ಗೊತ್ತುಮಾಡುತ್ತಿತ್ತು. ಹೊಳೆಯ ಕೆಳಗಿನ ಊರುಗಳಿಗೆ ಏನಾದೀತು, ನೀರು ಹರಿದ ಮಣ್ಣು ಐವತ್ತು ವರ್ಷಗಳ ಮೇಲೆ ಹೇಗಿದ್ದೀತು ಎಂದು ವಿಚಾರಿಸುವುದು ಯಾರ ಕರ್ತವ್ಯವೂ ಆಗಿರಲಿಲ್ಲ. ಇದರಲ್ಲಿ ನಮ್ಮವರನ್ನು ಮಾತ್ರ ದೂರುವಂತಿಲ್ಲ. ಸರಕಾರದ ದೊಡ್ಡ ಕಾಮಗಾರಿಗಳಿಂದ ಪರಿಸರಕ್ಕಾಗುವ ಪರಿಣಾಮವನ್ನು ಮುಂಚಿತವಾಗಿ ಬರೆದು ತೋರಿಸಬೇಕೆಂಬ ನಿಯಮವು ಅಮೆರಿಕದಲ್ಲಿಯೂ ಕಾನೂನಾದುದು ೧೯೭೦ರ ಜನವರಿ ೧ರಂದು. ಹಿಡಕಲ್ಲಿನ ನೀರಿನಿಂದ ಗೋಕಾಕ, ಮೂಡಲಗಿಗಳ ಬಯಲು ಹಸುರಾದುದೂ ಸುಳ್ಳಲ್ಲ. ಅಣೆಕಟ್ಟು ಬೇಕಿತ್ತೇ ಬೇಡವಾಗಿತ್ತೇ ಎಂಬ ಚರ್ಚೆ ಈ ಲೇಖನದ ಉದ್ದೇಶವಲ್ಲ. ಸರಕಾರವು ನೆಲದ ಬಗ್ಗೆ ಕರಾರು ಮಾಡಿಕೊಳ್ಳುವಾಗ, ಅಂದರೆ ಗುತ್ತಿಗೆ ಕೊಡುವಾಗ, ಮಂಜೂರು ಮಾಡುವಾಗ, ಕೈಗಾರಿಕೆಗೆಂದು ಹಂಚುವಾಗ, ಊರಿನವರ ಮಾತಿಗೆ ಯಾವ ಘಟ್ಟದಲ್ಲಿ ಸ್ಥಾನವಿರಬೇಕು ಎಂಬುದಷ್ಟೇ ನಮ್ಮ ವಿಷಯ.

ಈಗಿನ ವ್ಯವಸ್ಥೆಯನ್ನು ಮೊದಲು ತಿಳಿಯೋಣ. ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ೧೯೯೪ರಲ್ಲಿ ಪರಿಸರ ಪರಿಣಾಮದ ಮೌಲ್ಯಮಾಪನವು ಕಡ್ಡಾಯವಾಯಿತು. ೧೯೯೭ರಲ್ಲಿ ಸಾರ್ವಜನಿಕ ಆಲಿಕೆ ಸಭೆಯ ನಿಯಮವು ಅದಕ್ಕೆ ಸೇರಿತು. ಇಂದು ನಡೆಯುತ್ತಿರುವುದು, ಅನೇಕ ತಿದ್ದುಪಡಿಗಳೊಡನೆ, ೨೦೦೬ರ ಸೆಪ್ಟೆಂಬರ್ ೧೪ರ ಅಧಿಸೂಚನೆ. ಅದರ ಅನುಬಂಧದಲ್ಲಿ ಗಣಿ, ಅಣೆಕಟ್ಟು, ಸಿಮೆಂಟು, ದಿನಕ್ಕೆ ೫,೦೦೦ ಟನ್ ಅಥವಾ ಅದಕ್ಕಿಂತ ಹೆಚ್ಚು ಕಬ್ಬು ನುರಿಸುವ ಸಕ್ಕರೆ ಕಾರ್ಖಾನೆ ಮುಂತಾದವುಗಳ ಪಟ್ಟಿಯಿದೆ. ಪಟ್ಟಿಗೆ ಸೇರಿದ ಉದ್ಯಮವು ತಜ್ಞರಿಂದ ಅಧ್ಯಯನ ಮಾಡಿಸಿ ಕರಡು ವರದಿಯನ್ನು ಸಿದ್ಧಪಡಿಸಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಕನಿಷ್ಠ ೩೦ ದಿನ ಮುಂಚಿತವಾಗಿ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಿಸಿ, ಜಿಲ್ಲಾಧಿಕಾರಿಗಳ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ, ಉದ್ಯಮದ ನಿವೇಶನದಲ್ಲಿಯೋ ಅದರ ಸಮೀಪದಲ್ಲಿಯೋ ಸಭೆ ನಡೆಸಬೇಕು. ಪತ್ರಿಕೆ ತಲುಪದ ಊರುಗಳಲ್ಲಿ ಡಂಗುರ ಹೊಡೆಸಬೇಕೆಂದು ಕೂಡ ಅಧಿಸೂಚನೆಯು ಹೇಳುತ್ತದೆ. ಸಭೆಗೆ ಇಂತಿಷ್ಟು ಜನ ಬರಬೇಕೆಂಬ ಕೋರಂ ಇಲ್ಲ. ಬಂದವರು ಪ್ರಶ್ನೆ ಕೇಳಬಹುದು, ಲಿಖಿತವಾಗಿ ಆಕ್ಷೇಪ ಕೊಡಬಹುದು. ನಡಾವಳಿಯನ್ನು ವಿಡಿಯೋ ಚಿತ್ರೀಕರಿಸಿ, ಕೊನೆಯಲ್ಲಿ ಜನರ ಭಾಷೆಯಲ್ಲಿ ಓದಿ ಹೇಳಬೇಕು.

ಓದುವುದಕ್ಕೆ ಇದು ಸೊಗಸಾದ ವ್ಯವಸ್ಥೆ. ಆದರೆ ಇದೇ ಅಧಿಸೂಚನೆಯ ಎರಡನೆಯ ಪರಿಚ್ಛೇದದಲ್ಲಿ ಒಂದು ಚಿಕ್ಕ ವಾಕ್ಯಾಂಶವಿದೆ. ಪರಿಸರ ಅನುಮತಿ ದೊರೆಯುವ ಮೊದಲು ಕಟ್ಟಡದ ಕೆಲಸವನ್ನಾಗಲಿ, ನೆಲವನ್ನು ಅಣಿಗೊಳಿಸುವ ಕೆಲಸವನ್ನಾಗಲಿ ಆರಂಭಿಸಕೂಡದು. ನೆಲವನ್ನು ಭದ್ರಪಡಿಸಿಕೊಳ್ಳುವ ಕೆಲಸಕ್ಕೆ ಮಾತ್ರ ಈ ನಿರ್ಬಂಧವಿಲ್ಲ. ಅಂದರೆ ಕರಾರು ಮೊದಲು ಆಗಬಹುದು, ಗುತ್ತಿಗೆ ಪತ್ರಕ್ಕೆ ಸಹಿ ಬೀಳಬಹುದು, ಬೇಲಿಯೂ ಏಳಬಹುದು. ಊರಿನವರನ್ನು ಕೇಳುವುದು ಆಮೇಲಿನ ಮಾತು. ಆ ಹೊತ್ತಿಗೆ ಸಭೆಯ ಮುಂದೆ ಉಳಿದಿರುವ ಪ್ರಶ್ನೆಗಳು ಚಿಮಣಿ ಎಷ್ಟು ಎತ್ತರವಿರಬೇಕು, ಎಷ್ಟು ಗಿಡ ನೆಡಬೇಕು ಎಂಬಂಥವು. ಈ ಕೆಲಸಕ್ಕೆ ಈ ನೆಲವೇ ಏಕೆ, ಬೇರೆಡೆ ಆಗದೇ ಎಂಬ ಮೊದಲನೆಯ ಪ್ರಶ್ನೆಯನ್ನು ಅಷ್ಟರಲ್ಲಿ ಬೇರೊಂದು ಕಚೇರಿಯಲ್ಲಿ ತೀರ್ಮಾನಿಸಿ ಮುಗಿಸಿರುತ್ತಾರೆ. ಯುರೋಪಿನ ದೇಶಗಳು ೧೯೯೮ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಮಾಡಿಕೊಂಡ ಒಪ್ಪಂದವು, ಎಲ್ಲ ದಾರಿಗಳೂ ತೆರೆದಿರುವಾಗಲೇ ಜನರನ್ನು ಕರೆಯಬೇಕೆಂದು ವಿಧಿಸುತ್ತದೆ. ಭಾರತವು ಆ ಒಪ್ಪಂದಕ್ಕೆ ಸೇರಿಲ್ಲ. ಆದರೂ ಅದರಲ್ಲಿರುವ ವಿವೇಕವನ್ನು ಎರವಲು ಪಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಮೊದಲು ಸಹಿ, ಆಮೇಲೆ ಜನ ಎಂಬ ಕ್ರಮವು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಪ್ರಸಿದ್ಧ ಉದಾಹರಣೆಯಿದೆ. ಗೋಕಾಕದಿಂದ ತೆಂಕಲಿಗೆ, ತುಂಗಭದ್ರೆಯ ದಂಡೆಯಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರದ ತಿರುಳು ಬೇಕಾಗಿತ್ತು. ೧೯೮೪ರ ನವೆಂಬರ್ ೧೪ರಂದು ರಾಜ್ಯ ಸರಕಾರವೂ ಆ ಕಂಪನಿಯೂ ಕರಾರು ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದುವು. ಸರಕಾರದ ಪಾಲು ನೂರಕ್ಕೆ ೫೧, ಕಂಪನಿಯದು ೪೯. ನಾಲ್ಕು ಜಿಲ್ಲೆಗಳಲ್ಲಿ ಹರಡಿದ್ದ ೩೦,೦೦೦ ಹೆಕ್ಟೇರ್ ನೆಲವನ್ನು ಎಕರೆಗೆ ವರ್ಷಕ್ಕೆ ಒಂದು ರೂಪಾಯಿಯ ಬಾಡಿಗೆಯಂತೆ ೪೦ ವರ್ಷಗಳ ಗುತ್ತಿಗೆಗೆ ಕೊಡುವುದು, ಅಲ್ಲಿ ನೀಲಗಿರಿ ಮುಂತಾದ ಬೇಗ ಬೆಳೆಯುವ ಮರಗಳನ್ನು ಬೆಳೆಸುವುದು, ಬೆಳೆದುದರಲ್ಲಿ ನೂರಕ್ಕೆ ೮೭.೫ ಪಾಲು ಕಾರ್ಖಾನೆಗೆ ಹೋಗುವುದು ಎಂದು ಗೊತ್ತಾಯಿತು.

ದಫ್ತರದಲ್ಲಿ ಈ ನೆಲದ ಹೆಸರು ಸರಕಾರಿ ಪಡ ಎಂದಿರಬಹುದು. ಊರಿನವರಿಗೆ ಅದು ದನಗಳ ಹುಲ್ಲು, ಒಲೆಯ ಸೌದೆ, ಬೇಲಿಯ ಮುಳ್ಳು. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ತಿರುಳಿನ ಲೆಕ್ಕಕ್ಕೆ ಇದು ಗುಣ, ಮೇವಿನ ಲೆಕ್ಕಕ್ಕೆ ಇದೇ ದೋಷ. ಕರಾರಿನಲ್ಲಿ ಮೊದಲನೆಯ ಲೆಕ್ಕ ಮಾತ್ರ ಇತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಜನರನ್ನು ಸಂಘಟಿಸಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮುಂದೆ ಪ್ರಕರಣ ಹೋಗಿ, ೧೯೮೭ರಲ್ಲಿ ನೆಲದ ಹಸ್ತಾಂತರಕ್ಕೆ ತಡೆ ಬಂದಿತು. ಅದೇ ವರ್ಷದ ನವೆಂಬರ್ ೧೪ರಂದು, ಕರಾರಿಗೆ ಸರಿಯಾಗಿ ಮೂರು ವರ್ಷ ತುಂಬಿದಾಗ, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ ಜನರು ನೀಲಗಿರಿಯ ನೂರು ಸಸಿಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಹಣ್ಣಿನ ಮತ್ತು ಮೇವಿನ ಗಿಡಗಳನ್ನು ನೆಟ್ಟರು. 'ಕಿತ್ತಿಕೋ-ಹಚ್ಚಿಕೋ' ಎಂದು ಆ ಸತ್ಯಾಗ್ರಹ ಹೆಸರಾಯಿತು. ೧೯೯೧ರಲ್ಲಿ ಸಂಸ್ಥೆಯನ್ನೇ ಮುಚ್ಚಲಾಯಿತು. ಜನರನ್ನು ಕೇಳುತ್ತ ಕೂತರೆ ಅಭಿವೃದ್ಧಿ ತಡವಾಗುತ್ತದೆ ಎನ್ನುವವರು ಈ ಏಳು ವರ್ಷಗಳ ಲೆಕ್ಕವನ್ನು ಯಾವ ಖಾತೆಗೆ ಬರೆಯುತ್ತಾರೋ ಕಾಣೆವು.

ಜನರನ್ನು ಕೇಳುವುದು ನ್ಯಾಯದ ಮಾತೆಂದು ಬಹುಮಂದಿ ಒಪ್ಪುತ್ತಾರೆ. ವಿಜ್ಞಾನಕ್ಕೂ ಅದು ಅಗತ್ಯವೆಂಬುದನ್ನು ಒಪ್ಪುವವರು ಕಡಿಮೆ. ಅಧ್ಯಯನ ಮಾಡುವವರು ತಜ್ಞರು, ಸಭೆಗೆ ಬರುವವರು ಪಾಮರರು, ಇವರಿಂದ ಅವರಿಗೆ ಕಲಿಯುವುದೇನು ಎಂಬ ಭಾವನೆ ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಬೇರೂರಿದೆ. ಇದನ್ನು ಗೋಕಾಕದ ನೆಲದ ಮೇಲೆಯೇ ನಿಂತು ಪರೀಕ್ಷಿಸೋಣ.

ಯಾವುದೇ ಪರಿಣಾಮವನ್ನು ಅಳೆಯಬೇಕಾದರೆ ಮೊದಲಿನ ಸ್ಥಿತಿ ಗೊತ್ತಿರಬೇಕು. ಆದುದರಿಂದ ತಜ್ಞರು ಉದ್ಯಮದ ಸುತ್ತ ಸಾಮಾನ್ಯವಾಗಿ ೧೦ ಕಿಲೋಮೀಟರ್ ಫಾಸಲೆಯಲ್ಲಿ ಗಾಳಿ, ನೀರು, ಮಣ್ಣುಗಳ ಮಾದರಿಗಳನ್ನು ಸಂಗ್ರಹಿಸುತ್ತಾರೆ. ಕಾರ್ಖಾನೆಗಳ ವಿಷಯದಲ್ಲಿ ಈ ಸಂಗ್ರಹವು ಸಾಮಾನ್ಯವಾಗಿ ಒಂದೇ ಋತುವಿನದು, ಅದೂ ಮಳೆಗಾಲವನ್ನು ಬಿಟ್ಟು. ಮಳೆಯಲ್ಲಿ ಗಾಳಿಯ ಧೂಳು ತೊಳೆದುಹೋಗುವುದರಿಂದ, ಗಾಳಿಯ ಪರೀಕ್ಷೆಗೆ ಒಣ ಋತುವನ್ನು ಆರಿಸುವುದು ಸರಿಯೇ. ಆದರೆ ಘಟಪ್ರಭೆ ಒಣ ಋತುವಿನ ನದಿಯಲ್ಲ. ಅವಳ ಮೂಲವಿರುವ ಪಶ್ಚಿಮ ಘಟ್ಟದ ನೆತ್ತಿಯಲ್ಲಿ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿಯುತ್ತದೆ. ಗೋಕಾಕದ ಬಯಲಿಗೆ ಬರುವಷ್ಟರಲ್ಲಿ ಅದರ ಒಂದು ಸಣ್ಣ ಪಾಲೂ ಉಳಿಯುವುದಿಲ್ಲ. ಊರಿನಲ್ಲಿ ಬಿಸಿಲಿದ್ದಾಗಲೂ ಹೊಳೆ ಏರಬಹುದು. ಹಿರಣ್ಯಕೇಶಿಯನ್ನು ಹುಕ್ಕೇರಿಯ ಸೀಮೆಯಲ್ಲಿ ಕೂಡಿಕೊಂಡು, ಗೋಕಾಕದ ಬಳಿ ಮಾರ್ಕಂಡೇಯವನ್ನೂ ಸೇರಿಸಿಕೊಂಡು ನದಿ ಮುಂದೆ ಸಾಗುತ್ತದೆ. ೨೦೧೯ರ ಆಗಸ್ಟಿನಲ್ಲಿ ಘಟ್ಟದ ಮಳೆ, ಜಲಾಶಯದಿಂದ ಬಿಟ್ಟ ನೀರು, ಮಾರ್ಕಂಡೇಯದ ಪ್ರವಾಹ ಮೂರೂ ಒಟ್ಟಾಗಿ ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿದುದನ್ನು ಅಲ್ಲಿನ ಓದುಗರಿಗೆ ನೆನಪಿಸಬೇಕಾಗಿಲ್ಲ.

ಹೀಗಿರಲು, ಮಾರ್ಚಿನಿಂದ ಮೇವರೆಗೆ ಮಾದರಿ ಸಂಗ್ರಹಿಸಿದ ವರದಿಯೊಂದನ್ನು ಊಹಿಸಿಕೊಳ್ಳಿ. ಹೊಳೆ ಆಗ ಬಡಕಲಾಗಿರುತ್ತದೆ. ಕಬ್ಬು ನುರಿಸುವ ಹಂಗಾಮು ಚಳಿಗಾಲದ್ದಾದುದರಿಂದ ಸುತ್ತಲಿನ ಕಾರ್ಖಾನೆಗಳ ಹೊಗೆಯೂ ಇಳಿದಿರುತ್ತದೆ. ವರದಿಯ ಒಂದೊಂದು ಅಂಕಿಯೂ ನಿಜ, ಒಟ್ಟು ಚಿತ್ರ ಮಾತ್ರ ಅರೆಬರೆ. ಮದ್ಯಸಾರದ ಘಟಕವೊಂದು ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಸುಮಾರು ೮ರಿಂದ ೧೫ ಲೀಟರ್ ಕಪ್ಪು ತ್ಯಾಜ್ಯದ್ರವ ಉಳಿಯುತ್ತದೆ. ಅದನ್ನು ಹೊರಬಿಡದೆ ಒಣಗಿಸಿ ಸುಡುವ ಅಥವಾ ಗೊಬ್ಬರದಲ್ಲಿ ಬೆರೆಸುವ ವಿಧಾನಗಳು ಇಂದು ಇವೆ. ಆದರೆ ದ್ರವವನ್ನು ಕೂಡಿಡುವ ಹೊಂಡ ಯಾವ ಮಟ್ಟದಲ್ಲಿರಬೇಕು? ನೆರೆಯ ನೀರು ಯಾವ ಹೊಲದವರೆಗೆ, ಯಾವ ಗೋಡೆಯ ಎಷ್ಟನೆಯ ಕಲ್ಲಿನವರೆಗೆ ಬಂದಿತ್ತು ಎಂಬುದು ತಿಳಿಯದೆ ಇದಕ್ಕೆ ಉತ್ತರವಿಲ್ಲ. ಆ ಅಂಕಿ ಮೇ ತಿಂಗಳ ಮಾದರಿಯಲ್ಲಿ ಸಿಕ್ಕದು. ಹೊಳೆಯ ದಂಡೆಯ ರೈತನಲ್ಲಿ ಸಿಕ್ಕುತ್ತದೆ. ಅವನಲ್ಲಿರುವುದು ಮಳೆಗಾಲದ ವೀಕ್ಷಣೆಗಳು, ಒಂದು ವರ್ಷದ್ದಲ್ಲ, ನಲವತ್ತು ವರ್ಷಗಳದು. ಅವನ ನೆನಪಿನಲ್ಲಿ ತಪ್ಪುಗಳಿರಬಹುದು. ತಪ್ಪಿಲ್ಲದ ಉಪಕರಣ ಪ್ರಯೋಗಶಾಲೆಯಲ್ಲಿಯೂ ಇಲ್ಲ. ಒಂದನ್ನು ಇನ್ನೊಂದರೊಡನೆ ತಾಳೆ ನೋಡುವುದೇ ವಿಜ್ಞಾನದ ರೀತಿ.

ಮೂಡಲಗಿಯ ಕಡೆಗೆ ಬಂದರೆ ಇನ್ನೊಂದು ಬಗೆಯ ಸಾಕ್ಷ್ಯ ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧೂಪದಾಳದಲ್ಲಿ ಕಟ್ಟಿದ ಒಡ್ಡಿನಿಂದ ಹೊರಟ ಕಾಲುವೆಯೇ ಮುಂದೆ ಬೆಳೆದು ಘಟಪ್ರಭಾ ಎಡದಂಡೆ ಕಾಲುವೆಯಾಗಿದೆ. ಕಪ್ಪು ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ನೀರು ಅದರಲ್ಲಿ ನಿಧಾನವಾಗಿ ಬಸಿಯುತ್ತದೆ. ಬಸಿಗಾಲುವೆಗಳಿಲ್ಲದೆ ವರ್ಷವೆಲ್ಲ ಕಬ್ಬಿಗೆ ನೀರು ಕಟ್ಟಿದರೆ ಅಂತರ್ಜಲವು ಬೇರಿನ ಮಟ್ಟಕ್ಕೆ ಏರುತ್ತದೆ. ಅಲ್ಲಿಂದ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರಿ, ಬಿಸಿಲಿಗೆ ಆವಿಯಾಗಿ, ತನ್ನಲ್ಲಿ ಕರಗಿದ್ದ ಲವಣಗಳನ್ನು ನೆಲದ ಮೇಲೆ ಬಿಟ್ಟುಹೋಗುತ್ತದೆ. ಇದೇ ನಮ್ಮ ರೈತರು ಹೇಳುವ ಸವಳು-ಜವಳು. ಹೊಲದ ಮೂಲೆಯಲ್ಲಿ ಬಿಳಿಯ ಹುಡಿ ಕಂಡಾಗ ಮೊದಲು ಎಚ್ಚರಗೊಳ್ಳುವವನು ಅದನ್ನು ಉಳುವವನೇ. ಯಾವ ಹಳ್ಳ ಹಿಂದೆ ಬಸಿಗಾಲುವೆಯಂತೆ ಕೆಲಸ ಮಾಡುತ್ತಿತ್ತು, ಯಾವುದನ್ನು ಮುಚ್ಚಿ ರಸ್ತೆ ಮಾಡಿದರು ಎಂಬುದು ಅವನಿಗೆ ಗೊತ್ತು. ಅಂಥ ಹಳ್ಳವೊಂದು ಸರಕಾರಿ ನೆಲವೆಂದು ನಕ್ಷೆಯಲ್ಲಿದ್ದು, ನಾಳೆ ಯಾವುದೋ ಕರಾರಿನಲ್ಲಿ ಕೈಬದಲಾದರೆ, ಅದರಿಂದ ಸುತ್ತಲಿನ ಹೊಲಗಳಿಗಾಗುವ ಹಾನಿ ಯಾವ ಬೆಲೆಪಟ್ಟಿಯಲ್ಲಿಯೂ ಕಾಣದು.

ಗಾಯರಾಣದ ಮಾತೂ ಇಂಥದೇ. ನೂರು ದನಗಳಿಗೆ ೧೨ ಹೆಕ್ಟೇರಿನಂತೆ ಗೋಮಾಳ ಕಾದಿಡಬೇಕೆಂದು ೧೯೬೬ರ ಭೂಕಂದಾಯ ನಿಯಮಗಳು ಹೇಳುತ್ತವೆ. ಹೆಚ್ಚುವರಿ ನೆಲವಿದೆ ಎಂದು ತೋರಿಸಲು ದನಗಳನ್ನು ಎಣಿಸಿದರೆ ಸಾಕು. ಆದರೆ ಎಣಿಸಿದ್ದು ಯಾವಾಗ, ಹಿಂಡಿನೊಡನೆ ವಲಸೆ ಹೋದ ಕುರಿಗಾರರು ಊರಿಗೆ ಮರಳಿದ ಮೇಲೆಯೋ ಮೊದಲೋ? ಇದನ್ನು ಹೇಳಬಲ್ಲವರು ಊರಿನವರು ಮಾತ್ರ.

ವ್ಯವಸ್ಥೆ ಇದ್ದೂ ಸಭೆ ನಡೆಯದ ಸಂದರ್ಭಗಳು ಹಲವು. ಬಿ-೨ ಎಂಬ ವರ್ಗಕ್ಕೆ ಸೇರಿದ ಉದ್ಯಮಗಳಿಗೆ ಆಲಿಕೆ ಸಭೆ ಬೇಕಿಲ್ಲ. ೨೦೨೧ರಲ್ಲಿ, ಪೆಟ್ರೋಲಿಗೆ ಬೆರೆಸುವ ಎಥನಾಲಿಗಾಗಿ ನಡೆಯುವ ಕೆಲವು ಬಗೆಯ ವಿಸ್ತರಣೆಗಳನ್ನು ಕೇಂದ್ರ ಸರಕಾರವು ಆ ವರ್ಗಕ್ಕೆ ಸೇರಿಸಿತು. ಆಮದು ತೈಲವನ್ನು ಕಡಿಮೆ ಮಾಡುವುದು ಒಳ್ಳೆಯ ಉದ್ದೇಶವೇ ಸರಿ. ಕಬ್ಬಿನ ಸೀಮೆಯ ಬಾವಿಗಳಿಗೆ ಮಾತ್ರ ಆ ಉದ್ದೇಶ ತಿಳಿಯುವುದಿಲ್ಲ. ೨೦೨೫ರಲ್ಲಿ ಹಿಡಕಲ್ ಜಲಾಶಯದ ನೀರನ್ನು ಹುಬ್ಬಳ್ಳಿ-ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಕೊಳವೆಯಲ್ಲಿ ಒಯ್ಯುವ ಯೋಜನೆಗೆ ಬೆಳಗಾವಿಯಲ್ಲಿ ವಿರೋಧವೆದ್ದಿತು. ನೀರಿನ ಕೊಳವೆಯು ಅಧಿಸೂಚನೆಯ ಪಟ್ಟಿಯಲ್ಲಿಯೇ ಇಲ್ಲವಾದುದರಿಂದ, ಆ ವಿರೋಧವನ್ನು ಕುಳಿತು ಕೇಳಿ ಬರೆದುಕೊಳ್ಳುವ ಸಭೆಯನ್ನು ಅದು ಕೇಳುವುದಿಲ್ಲ. ಮಾತನಾಡಲು ವೇದಿಕೆಯಿಲ್ಲದಾಗ ಜನರು ರಸ್ತೆಗೆ ಇಳಿಯುತ್ತಾರೆ. ಇನ್ನು, ೧೯೬೬ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಂತೆ ನೆಲ ತೆಗೆದುಕೊಳ್ಳುವಾಗ ನೋಟೀಸು ಹೋಗುವುದು ಒಡೆಯನಿಗೂ ಆ ನೆಲದಲ್ಲಿ ಹಿತವುಳ್ಳವರಿಗೂ ಮಾತ್ರ. ಪಕ್ಕದ ಊರಿನ ಬಾವಿ ಆ ಲೆಕ್ಕಕ್ಕೆ ಬಾರದು.

ಭಾಷೆಯ ತೊಡಕನ್ನು ಹೇಳದೆ ಬಿಡಲಾಗದು. ನೂರಾರು ಪುಟಗಳ ಪೂರ್ಣ ವರದಿ ಇಂಗ್ಲಿಷಿನಲ್ಲಿರುತ್ತದೆ, ಕನ್ನಡದಲ್ಲಿ ಸಿಕ್ಕುವುದು ಅದರ ಸಾರಾಂಶ. ೨೦೨೦ರಲ್ಲಿ ಕೇಂದ್ರ ಸರಕಾರವು ಹೊಸ ಅಧಿಸೂಚನೆಯ ಕರಡನ್ನು ಹೊರಡಿಸಿ, ಸಭೆಯ ಮುನ್ಸೂಚನೆಯನ್ನು ೩೦ ದಿನಗಳಿಂದ ೨೦ಕ್ಕೆ ಇಳಿಸಲು ಹೊರಟಿತ್ತು. ಆ ಕರಡಾದರೋ ಇದ್ದುದು ಹಿಂದಿ, ಇಂಗ್ಲಿಷುಗಳಲ್ಲಿ ಮಾತ್ರ. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳೆಲ್ಲಕ್ಕೂ ಅದನ್ನು ಅನುವಾದಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯವು ಆ ವರ್ಷದ ಜೂನ್ ೩೦ರಂದು ಆದೇಶಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವೂ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆಯೊಡ್ಡಿತು. ತನ್ನ ಹೊಲದ ಬಗ್ಗೆ ಬರೆದ ವರದಿಯನ್ನು ಓದಲು ರೈತನಿಗೆ ದುಭಾಷಿ ಬೇಕಾಗುವುದು ವಿಚಿತ್ರವಲ್ಲವೇ?

ಆಲಿಕೆ ಸಭೆಗಳೆಲ್ಲ ಋಷಿಗಳ ಗೋಷ್ಠಿಗಳೇನಲ್ಲ. ಲಾರಿಗಳಲ್ಲಿ ಜನರನ್ನು ತಂದು ಕೂರಿಸುವುದುಂಟು, ಮೈಕು ಕಸಿದುಕೊಳ್ಳುವುದುಂಟು. ಕಾರ್ಖಾನೆ ಬೇಕೆಂದು ಗಟ್ಟಿಯಾಗಿ ಹೇಳುವವರೆಲ್ಲ ಬಾಡಿಗೆಯವರೂ ಅಲ್ಲ. ಕಡಿದ ಕಬ್ಬು ದಿನ ಕಳೆದಂತೆ ಸಕ್ಕರೆಯ ಅಂಶವನ್ನೂ ತೂಕವನ್ನೂ ಕಳೆದುಕೊಳ್ಳುತ್ತದೆ; ಸಮೀಪದಲ್ಲಿ ಗಿರಣಿಯಿದ್ದರೆ ಬೆಳೆಗಾರನಿಗೆ ನಿಜವಾದ ಲಾಭವಿದೆ. ಅವನ ಮಾತೂ ಸಾಕ್ಷ್ಯವೇ, ಅದನ್ನೂ ಬರೆದುಕೊಳ್ಳಬೇಕು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಯ ಪ್ರಶ್ನೆ ಬಂದಾಗ ೨೦೧೩ರ ಏಪ್ರಿಲ್ ೧೮ರಂದು ಸುಪ್ರೀಂ ಕೋರ್ಟು ಗ್ರಾಮಸಭೆಗಳ ಅಭಿಪ್ರಾಯ ಪಡೆಯುವಂತೆ ಹೇಳಿತು. ಹನ್ನೆರಡು ಗ್ರಾಮಸಭೆಗಳೂ ಬೇಡವೆಂದವು. ಬೇರೊಂದು ಕಡೆ ಬೇಕೆಂದು ಹೇಳುವ ಗ್ರಾಮಸಭೆಗಳೂ ಇದ್ದಾವು. ನಮ್ಮ ಬೇಡಿಕೆ ಇಷ್ಟೇ: ಆ ಮಾತು ಕರಾರಿನ ಸಹಿಗಿಂತ ಮೊದಲು ಬರಲಿ, ನೆಲವನ್ನು ಭದ್ರಪಡಿಸಿಕೊಳ್ಳುವುದಕ್ಕೆ ಕೊಟ್ಟ ವಿನಾಯಿತಿಯನ್ನು, ಸರಕಾರಿ ನೆಲದ ಮಟ್ಟಿಗಾದರೂ, ತೆಗೆದುಹಾಕಲಿ, ಪೂರ್ಣ ವರದಿ ಕನ್ನಡದಲ್ಲಿ ಪಂಚಾಯಿತಿಯ ಮೇಜಿನ ಮೇಲಿರಲಿ.

ನಮ್ಮ ಓದುಗರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ಸಭೆಯಲ್ಲಿ ದೊಡ್ಡವರ ಗದ್ದಲದ ನಡುವೆ ತಮ್ಮ ಮಾತಿಗೆ ಬೆಲೆ ಎಲ್ಲಿಯದು ಎಂದು ಅವರಿಗೆ ಅನ್ನಿಸಬಹುದು. ಜನರ ಆಕ್ಷೇಪಗಳನ್ನು ಹೇಗೆ ಪರಿಗಣಿಸಿದೆವೆಂಬುದಕ್ಕೆ ತಜ್ಞರ ಸಮಿತಿಯು ಕಾರಣಗಳನ್ನು ಕೊಡಬೇಕೆಂದು, ಗೋವೆಯ ಗಣಿಯೊಂದರ ಪ್ರಕರಣದಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ೨೦೦೯ರಲ್ಲಿ ತೀರ್ಪಿತ್ತಿದೆ. ಘೋಷಣೆಗೆ ಒಂದು ವಾಕ್ಯದ ಉತ್ತರ ಸಾಕು. ಅಳತೆಗೆ ಅಳತೆಯಿಂದಲೇ ಉತ್ತರ ಕೊಡಬೇಕಾಗುತ್ತದೆ. ಒಂದು ಹಗ್ಗ, ಅದರ ತುದಿಗೆ ಒಂದು ಕಲ್ಲು, ಒಂದು ನೋಟುಬುಕ್ಕು ಇದ್ದರೆ ಊರಿನ ಹತ್ತು ಬಾವಿಗಳ ನೀರಿನ ಮಟ್ಟವನ್ನು ಬೇಸಗೆಯ ಕೊನೆಯಲ್ಲಿಯೂ ಮಳೆಗಾಲದ ಕೊನೆಯಲ್ಲಿಯೂ ಅಳೆದಿಡಬಹುದು. ೨೦೧೯ರ ನೆರೆಯ ಗುರುತು ಉಳಿದಿರುವ ಗೋಡೆಗಳಿದ್ದರೆ, ನೆಲದಿಂದ ಎಷ್ಟು ಎತ್ತರವೆಂದು ಟೇಪು ಹಿಡಿದು ಬರೆದುಕೊಂಡು, ಮನೆಯವರಿಂದ ದಿನಾಂಕ ಕೇಳಿ, ಊರಿನ ನಕ್ಷೆಯ ಮೇಲೆ ಗುರುತಿಸಬಹುದು. ಸವಳು ಕಂಡ ಹೊಲಗಳ ಸರ್ವೆ ನಂಬರುಗಳನ್ನು ಪಟ್ಟಿ ಮಾಡಬಹುದು. ಇಂಥ ಪಟ್ಟಿಯನ್ನು ಲಿಖಿತ ಆಕ್ಷೇಪದೊಡನೆ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಪ್ರಕಟಣೆ ಬಂದ ಮೇಲಿನ ೩೦ ದಿನಗಳಲ್ಲಿ ಮೂರು ವರ್ಷಗಳ ಅಳತೆ ಆಗುವುದಿಲ್ಲವಾದುದರಿಂದ ಯಾವ ಕರಾರಿನ ಸುದ್ದಿಗೂ ಕಾಯದೆ ಕ್ರಮವಾಗಿ ಬರೆದಿಡುವುದು ಒಳ್ಳೆಯದು. ಬಾವಿಯ ಮೊದಲ ಅಳತೆಗೆ ಮೇ ತಿಂಗಳ ಕೊನೆಯ ವಾರ, ಮುಂಗಾರು ಇನ್ನೂ ಬೀಳದಿರುವಾಗ, ತಕ್ಕ ಕಾಲ.